ಅಪೀಲಿಗೆ ಮೊದಲೇ ಕೈತಪ್ಪುವ ಹಕ್ಕುಗಳು

"ಇಲ್ಲಿ ಏನಾದರೂ ಆಗಲಿ ಬಿಡಿ, ಹೈಕೋರ್ಟಿನಲ್ಲಿ ನೋಡಿಕೊಳ್ಳೋಣ." ಕ್ರಿಮಿನಲ್ ಮೊಕದ್ದಮೆಯಲ್ಲಿ ಸಿಕ್ಕಿಕೊಂಡವರ ಮನೆಯವರಿಗೆ ಕೋರ್ಟಿನ ಪಡಸಾಲೆಯಲ್ಲಿ ಯಾರಾದರೊಬ್ಬರು ಈ ಸಮಾಧಾನ ಹೇಳದೆ ಇರುವುದಿಲ್ಲ. ಹೇಳುವವರಲ್ಲಿ ಕೆಟ್ಟ ಮನಸ್ಸೇನೂ ಇರುವುದಿಲ್ಲ. ಆದರೆ ಇದನ್ನೇ ನಂಬಿ ಕೆಳಗಿನ ಕೋರ್ಟಿನಲ್ಲಿ ಸುಮ್ಮನಿದ್ದವರಿಗೆ ಮೇಲಿನ ಕೋರ್ಟಿನಲ್ಲಿ ಎದುರಾಗುವ ಮೊದಲ ಪ್ರಶ್ನೆ: "ಇದನ್ನು ಆಗಲೇ ಯಾಕೆ ಹೇಳಲಿಲ್ಲ?"

ಮೇಲ್ಮನವಿಯಲ್ಲಿ ವಿಚಾರಣೆ ಮೊದಲಿಂದ ನಡೆಯುವುದಿಲ್ಲ. ಸಾಕ್ಷಿಗಳು ಮತ್ತೆ ಕಟಕಟೆ ಹತ್ತುವುದಿಲ್ಲ. ಅಲ್ಲಿಗೆ ಹೋಗುವುದು ಕಾಗದದ ಕಟ್ಟು: ದೋಷಾರೋಪ, ಸಾಕ್ಷಿಗಳ ಹೇಳಿಕೆ, ಪಾಟೀ ಸವಾಲು, ನಿಶಾನೆಯಾದ ದಾಖಲೆಗಳು, ಆರ್ಡರ್ ಶೀಟು, ತೀರ್ಪು. ಹೆಚ್ಚುವರಿ ಸಾಕ್ಷ್ಯ ತೆಗೆದುಕೊಳ್ಳುವ ಅಧಿಕಾರ ಮೇಲ್ಮನವಿ ನ್ಯಾಯಾಲಯಕ್ಕೆ ಇದೆ ನಿಜ, ಆದರೆ ಅದನ್ನು ಬಳಸುವುದು ಅಪರೂಪ. ಹಾಗಾಗಿ ಆ ಕಟ್ಟಿನಲ್ಲಿ ಏನಿದೆ, ಏನಿಲ್ಲ ಎನ್ನುವುದರ ಮೇಲೆ ಅಪೀಲಿನ ಅರ್ಧ ಭವಿಷ್ಯ ಮೊದಲೇ ತೀರ್ಮಾನವಾಗಿರುತ್ತದೆ.

ನಮ್ಮ ಕಾನೂನಿನಲ್ಲಿ ಹಕ್ಕು ಕೈತಪ್ಪುವುದಕ್ಕೆ ಮುಖ್ಯವಾಗಿ ಮೂರು ದಾರಿಗಳಿವೆ. ದಿನ ಮೀರಬಹುದು, ತಾವೇ ಒಪ್ಪಿಕೊಂಡಿರಬಹುದು, ಇಲ್ಲವೇ ಹೇಳಬೇಕಾದ ಹೊತ್ತಿನಲ್ಲಿ ಬಾಯಿ ಬಿಡದೆ ಇದ್ದಿರಬಹುದು. ಇವುಗಳ ಜೊತೆಗೆ, ಸುಮ್ಮನಿದ್ದರೂ, ಸಹಿ ಹಾಕಿಕೊಟ್ಟರೂ ಹೋಗದ ಹಕ್ಕುಗಳೂ ಕೆಲವಿವೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎನ್ನುವುದು ಗೊತ್ತಿರಬೇಕು. 2024ರ ಜುಲೈ 1ರಿಂದ ಹಳೆಯ ಸಿಆರ್‌ಪಿಸಿ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್ ಬಂದಿದೆ. ಕಲಮುಗಳ ಸಂಖ್ಯೆ ಬದಲಾಗಿದೆ, ಅಪೀಲಿನ ತಿರುಳು ಹೆಚ್ಚುಕಡಿಮೆ ಹಳೆಯದೇ. ಇಲ್ಲಿ ಹೊಸ ಸಂಖ್ಯೆಗಳನ್ನೇ ಕೊಟ್ಟಿದ್ದೇನೆ.

ದಿನದ ಲೆಕ್ಕ

ಮ್ಯಾಜಿಸ್ಟ್ರೇಟ್ ಕೋರ್ಟು ಶಿಕ್ಷೆ ಕೊಟ್ಟರೆ ಅಪೀಲು ಸಾಮಾನ್ಯವಾಗಿ ಸೆಷನ್ಸ್ ನ್ಯಾಯಾಲಯಕ್ಕೆ, ಅದಕ್ಕೆ 30 ದಿನ. ಸೆಷನ್ಸ್ ನ್ಯಾಯಾಲಯ ಶಿಕ್ಷೆ ಕೊಟ್ಟರೆ ಅಪೀಲು ಹೈಕೋರ್ಟಿಗೆ, 60 ದಿನ. ಮರಣದಂಡನೆಯಾಗಿದ್ದರೆ ಮಾತ್ರ 30 ದಿನ. ಹೈಕೋರ್ಟಿನ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಲು 90 ದಿನ. ಇವು 1963ರ ಕಾಲಮಿತಿ ಕಾಯ್ದೆ ಮತ್ತು ಸುಪ್ರೀಂ ಕೋರ್ಟಿನ ನಿಯಮಗಳು ಹಾಕಿರುವ ಗಡುವು. ವಿಶೇಷ ಕಾಯ್ದೆಗಳ ಲೆಕ್ಕ ಬೇರೆ. ಉದಾಹರಣೆಗೆ ಎನ್‌ಐಎ ಕಾಯ್ದೆಯಲ್ಲಿ 30 ದಿನ. 90 ದಿನ ದಾಟಿದರೆ ಮೇಲ್ಮನವಿಯನ್ನು ಸ್ವೀಕರಿಸುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಆದ್ದರಿಂದ ತೀರ್ಪು ಬಂದ ದಿನವೇ "ಯಾವ ಕಾಯ್ದೆ, ಯಾವ ಕೋರ್ಟು, ಎಷ್ಟು ದಿನ" ಎಂದು ವಕೀಲರನ್ನು ಕೇಳಿ ಬರೆದಿಟ್ಟುಕೊಳ್ಳಿ.

ಲೆಕ್ಕ ಹಾಕುವುದು ಹೀಗೆ. ಸೆಷನ್ಸ್ ನ್ಯಾಯಾಲಯ ಮಾರ್ಚ್ 3ರಂದು ತೀರ್ಪು ಕೊಟ್ಟಿತು ಎನ್ನಿ. ಆ ದಿನವನ್ನು ಬಿಟ್ಟು 4ರಿಂದ ಎಣಿಸಿದರೆ 60ನೆಯ ದಿನ ಮೇ 2. ಮಾರ್ಚ್ 10ರಂದು ದೃಢೀಕೃತ ನಕಲಿಗೆ ಅರ್ಜಿ ಹಾಕಿದಿರಿ, 24ಕ್ಕೆ ನಕಲು ಸಿದ್ಧವಾಯಿತು. ಈ 15 ದಿನಗಳನ್ನು ಕಾಲಮಿತಿ ಕಾಯ್ದೆಯ 12ನೆಯ ಕಲಂ ಲೆಕ್ಕದಿಂದ ಬಿಟ್ಟುಕೊಡುತ್ತದೆ. ಹಾಗಾಗಿ ಕೊನೆಯ ದಿನ ಮೇ 17 ಆಗುತ್ತದೆ. ಆದರೆ 24ಕ್ಕೆ ಸಿದ್ಧವಾದ ನಕಲನ್ನು ನೀವು ಏಪ್ರಿಲ್ 10ಕ್ಕೆ ಹೋಗಿ ತಂದರೆ, ನಡುವಿನ ದಿನಗಳು ನಿಮ್ಮ ಖಾತೆಗೇ ಬೀಳುತ್ತವೆ. ಅಲ್ಲಿ ರಿಯಾಯಿತಿ ಇಲ್ಲ. ಕೊನೆಯ ದಿನ ಕೋರ್ಟು ಮುಚ್ಚಿದ್ದರೆ ತೆರೆದ ದಿನ ಸಲ್ಲಿಸಬಹುದು. ಬೇಸಿಗೆ ರಜೆ ನಂಬಿಕೊಂಡು ಕೂರುವವರು ಈ ಮಾತನ್ನು ಚೆನ್ನಾಗಿ ನೆನಪಿಟ್ಟುಕೊಂಡಿರುತ್ತಾರೆ, ಕೂರದಿರುವುದೇ ಲೇಸು.

ಜೈಲು ಶಿಕ್ಷೆಯಾದವರಿಗೆ ತೀರ್ಪಿನ ಒಂದು ಪ್ರತಿಯನ್ನು ತೀರ್ಪು ಓದಿದ ಕೂಡಲೇ ಉಚಿತವಾಗಿ ಕೊಡಬೇಕು ಎನ್ನುವುದು 404ನೆಯ ಕಲಂ. ಇದಕ್ಕೆ ಸಂಬಂಧಪಟ್ಟು ನಮ್ಮ ಧಾರವಾಡಕ್ಕೆ ನಂಟಿರುವ ಒಂದು ಪ್ರಕರಣವಿದೆ. ಹೊಸ್ಕೋಟ್ ಎಂಬ ಪ್ರಾಧ್ಯಾಪಕರ ಮೇಲೆ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನ ಉಬ್ಬು ಮೊಹರನ್ನು ಮುಂಬೈನ ಬ್ಲಾಕ್ ತಯಾರಕರೊಬ್ಬರ ಬಳಿ ಮಾಡಿಸಲು ಹೋದ ಆರೋಪವಿತ್ತು, ನಕಲಿ ಪದವಿಪತ್ರದ ಬಾಬತ್ತು. ಸೆಷನ್ಸ್ ನ್ಯಾಯಾಲಯ ಕೋರ್ಟು ಏಳುವವರೆಗಿನ ಸಜೆ ಕೊಟ್ಟು ಬಿಟ್ಟಿತು. ಹೈಕೋರ್ಟು ಅದನ್ನು ಮೂರು ವರ್ಷಕ್ಕೆ ಏರಿಸಿತು. ಅವರು ಸುಪ್ರೀಂ ಕೋರ್ಟಿಗೆ ಬರುವ ಹೊತ್ತಿಗೆ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಮೀರಿತ್ತು. ತೀರ್ಪಿನ ಪ್ರತಿ ಜೈಲಿಗೆ ಬಂದರೂ ತನ್ನ ಕೈಗೆ ಸೇರಲಿಲ್ಲ ಎನ್ನುವುದು ಅವರ ವಾದ. 1978ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಅರ್ಜಿಯನ್ನು ವಜಾ ಮಾಡಿತು. ಆದರೆ ಅದೇ ತೀರ್ಪಿನಲ್ಲಿ ಜೈಲುಗಳಿಗೆ ಕಟ್ಟುನಿಟ್ಟಿನ ಮಾತು ಹೇಳಿತು: ತೀರ್ಪಿನ ಪ್ರತಿಯನ್ನು ಕೈದಿಯ ಕೈಗೇ ಕೊಟ್ಟು ಲಿಖಿತ ಸ್ವೀಕೃತಿ ಪಡೆಯಬೇಕು, ಅಪೀಲು ಹಾಕಲು ಬೇಕಾದ ಅನುಕೂಲ ಒದಗಿಸಬೇಕು, ಬಡವನಿಗೆ ವಕೀಲರನ್ನು ಕೊಡಬೇಕು. ಅಂದರೆ ಹೊಸ್ಕೋಟ್ ಸೋತರು, ಅವರ ನಂತರ ಬಂದ ಕೈದಿಗಳು ಗೆದ್ದರು. ನಿಮ್ಮವರು ಜೈಲಿನಲ್ಲಿದ್ದರೆ ಆ ಸ್ವೀಕೃತಿಯ ತಾರೀಖು ಯಾವುದು ಎಂದು ಕೇಳಿ ತಿಳಿದುಕೊಳ್ಳಿ. ವಿಳಂಬವಾದರೆ ನಿಮ್ಮ ಕೈಯಲ್ಲಿರುವ ಮೊದಲ ಪುರಾವೆ ಅದೇ.

ದಿನ ಮೀರಿದರೆ ಎಲ್ಲವೂ ಮುಗಿಯಿತೆಂದಲ್ಲ. ಕಾಲಮಿತಿ ಕಾಯ್ದೆಯ 5ನೆಯ ಕಲಮಿನಡಿ ವಿಳಂಬ ಮನ್ನಾ ಅರ್ಜಿಯನ್ನು ಪ್ರಮಾಣಪತ್ರದೊಂದಿಗೆ ಹಾಕಬಹುದು, ಸಾಕಷ್ಟು ಕಾರಣ ತೋರಿಸಬೇಕು ಅಷ್ಟೇ. ಪ್ರತಿ ಗಂಟೆಗೂ ಲೆಕ್ಕ ಕೇಳುವಷ್ಟು ಕಟ್ಟುನಿಟ್ಟು ಬೇಡ ಎಂದು ಸುಪ್ರೀಂ ಕೋರ್ಟು 1987ರಲ್ಲೇ ಹೇಳಿದೆ. ಹಾಗೆಂದು "ಅನಾರೋಗ್ಯದ ನಿಮಿತ್ತ" ಎಂದು ಒಂದೇ ಸಾಲು ಗೀಚಿದರೆ ಸಾಲದು. ಯಾವ ಆಸ್ಪತ್ರೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಡಿಸ್ಚಾರ್ಜ್ ಚೀಟಿ ಎಲ್ಲಿ? ಜೈಲು ಬದಲಾಯಿತೆ, ನಕಲು ತಡವಾಯಿತೆ, ಹಣ ಹೊಂದಿಸಲು ಹೊಲ ಅಡವಿಡಬೇಕಾಯಿತೆ? ಬಡತನವೂ ಕಾರಣವೇ, ಅದನ್ನು ಮುಚ್ಚಿಟ್ಟು ಇಲ್ಲದ ಕಾಯಿಲೆ ಕಟ್ಟುವ ಅಗತ್ಯವಿಲ್ಲ. ಸುಳ್ಳು ಪ್ರಮಾಣಪತ್ರ ಹೊರಬಿದ್ದರೆ ಮುಖ್ಯ ಅಪೀಲಿನ ನಂಬಿಕೆಯೂ ಹೋಗುತ್ತದೆ.

ಈ 5ನೆಯ ಕಲಮಿನ ಬೆಲೆ ಗೊತ್ತಾಗಬೇಕಾದರೆ ಅಮೆರಿಕದ ಕಡೆ ಒಮ್ಮೆ ನೋಡಬೇಕು. ರಾಜ್ಯದ ಕೋರ್ಟಿನಲ್ಲಿ ಹೊತ್ತಿಗೆ ಎತ್ತದ ವಾದವನ್ನು ಅಲ್ಲಿಯ ಫೆಡರಲ್ ಕೋರ್ಟುಗಳು ಸಾಮಾನ್ಯವಾಗಿ ಕೇಳುವುದೇ ಇಲ್ಲ. ಯಾಕೆ ಎತ್ತಲಿಲ್ಲ ಎನ್ನುವುದಕ್ಕೆ ಸಕಾರಣವನ್ನೂ ಅದರಿಂದಾದ ಹಾನಿಯನ್ನೂ ಎರಡನ್ನೂ ತೋರಿಸಬೇಕು. 1977ರಿಂದ ನಿಯಮ ಇನ್ನಷ್ಟು ಬಿಗಿಯಾಗಿದೆ. ವರ್ಜೀನಿಯಾದ ಕೋಲ್‌ಮನ್ ಎಂಬ ಮರಣದಂಡನೆ ಕೈದಿಯ ವಕೀಲರು 30 ದಿನದೊಳಗೆ ಕೊಡಬೇಕಾದ ಅಪೀಲಿನ ನೋಟಿಸನ್ನು ಮೂರು ದಿನ ತಡವಾಗಿ ಕೊಟ್ಟರು. 1991ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ವಕೀಲರ ಆ ತಪ್ಪು ಕಕ್ಷಿದಾರನದೇ ಎಂದು ಬಾಗಿಲು ಮುಚ್ಚಿತು. ಮರುವರ್ಷ ಆತನ ಮರಣದಂಡನೆ ಜಾರಿಯಾಯಿತು. 2006ರ ಡಿಎನ್‌ಎ ಪರೀಕ್ಷೆ ಆತನೇ ಅಪರಾಧಿ ಎಂದು ತೋರಿಸಿತು, ಅದನ್ನೂ ಹೇಳಬೇಕು. ಆದರೆ ಕೋರ್ಟು ಬಾಗಿಲು ಮುಚ್ಚಿದಾಗ ಆ ಸಂಗತಿ ಯಾರಿಗೂ ಗೊತ್ತಿರಲಿಲ್ಲ. ನಮ್ಮಲ್ಲಿ ಮೂರು ದಿನದ ವಿಳಂಬಕ್ಕೆ ಗಲ್ಲಿಗೇರುವವನ ಅಪೀಲು ಕೇಳದೆ ಬಿಡುವ ನ್ಯಾಯಾಧೀಶರನ್ನು ಊಹಿಸಿಕೊಳ್ಳುವುದು ಕಷ್ಟ.

ದಿನದ ವಿಷಯದಲ್ಲಿ ಇನ್ನೊಂದು ಬಲೆ ಇದೆ. ಅಪೀಲು ಹಾಕುವ ಹಕ್ಕಿದ್ದೂ ಹಾಕದವರು ಆಮೇಲೆ ರಿವಿಷನ್ ಅರ್ಜಿಯ ಮೊರೆ ಹೋಗುವಂತಿಲ್ಲ. 442ನೆಯ ಕಲಂ ಅದಕ್ಕೆ ತಡೆ ಹಾಕಿದೆ. ಅಪೀಲು ಇಲ್ಲವೆಂದು ತಪ್ಪಾಗಿ ತಿಳಿದು ರಿವಿಷನ್ ಹಾಕಿದ್ದರೆ ಮಾತ್ರ ಹೈಕೋರ್ಟು ಅದನ್ನೇ ಅಪೀಲಾಗಿ ಪರಿಗಣಿಸಬಹುದು.

"ಒಪ್ಪಿಕೊಂಡುಬಿಡಿ, ದಂಡ ಕಟ್ಟಿ ಹೋಗೋಣ"

ಬಹಳ ಜನ ತಮ್ಮ ಅಪೀಲಿನ ಹಕ್ಕನ್ನು ಕಳೆದುಕೊಳ್ಳುವುದು ಈ ಒಂದು ಮಾತಿಗೆ ತಲೆಯಾಡಿಸಿ. ಇಸ್ಪೀಟು ಪ್ರಕರಣ, ಕುಡಿದು ಗಾಡಿ ಓಡಿಸಿದ್ದು, ಸಣ್ಣ ಹೊಡೆದಾಟ. ಹತ್ತು ಸಲ ಕೋರ್ಟಿಗೆ ಅಲೆಯುವುದಕ್ಕಿಂತ ಇವತ್ತೇ ಮುಗಿಸುವುದು ಅನುಕೂಲವೆನಿಸುತ್ತದೆ. ಆದರೆ ತಪ್ಪೊಪ್ಪಿಗೆಯ ಮೇಲೆ ಶಿಕ್ಷೆಯಾದರೆ 416ನೆಯ ಕಲಂ ಅಪೀಲನ್ನು ಕತ್ತರಿಸುತ್ತದೆ. ಉಳಿಯುವುದು ಶಿಕ್ಷೆ ಹೆಚ್ಚಾಯಿತು ಅಥವಾ ಕಾನೂನಿಗೆ ವಿರುದ್ಧವಾಗಿದೆ ಎಂಬ ವಾದ ಮಾತ್ರ. ತಪ್ಪು ನಾನು ಮಾಡಿಯೇ ಇಲ್ಲ ಎಂದು ಆಮೇಲೆ ಹೇಳುವಂತಿಲ್ಲ. ಹಾಗೆ ಒಪ್ಪಿಕೊಂಡ ಮಗ ಮುಂದೊಂದು ದಿನ ಸರ್ಕಾರಿ ನೌಕರಿಗೆ ಆಯ್ಕೆಯಾಗಿ ಪೊಲೀಸ್ ಪರಿಶೀಲನೆ ಬಂದಾಗ, ಅಂದು ಕಟ್ಟಿದ ದಂಡದ ರಸೀದಿಯ ತೂಕ ಗೊತ್ತಾಗುತ್ತದೆ.

ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವ ಅಧಿಕೃತ ಚೌಕಾಸಿ ಒಪ್ಪಂದದ (ಪ್ಲೀ ಬಾರ್ಗೇನಿಂಗ್) ಅಧ್ಯಾಯವೇ ಸಂಹಿತೆಯಲ್ಲಿದೆ (289ರಿಂದ 300). ಅದರಡಿ ಬಂದ ತೀರ್ಪಿನ ಮೇಲೆ ಸಾಮಾನ್ಯ ಅಪೀಲು ಇಲ್ಲ. ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಮತ್ತು ಹೈಕೋರ್ಟಿಗೆ ರಿಟ್ ಇವಿಷ್ಟೇ ದಾರಿ. ಗೊತ್ತಿದ್ದು ಒಪ್ಪುವವರಿಗೆ ಅದು ಕೆಟ್ಟ ವ್ಯವಹಾರವೇನಲ್ಲ.

ಆದರೆ ಕಡಿಮೆ ಶಿಕ್ಷೆಯ ಆಸೆ ತೋರಿಸಿ ಒಪ್ಪಿಸಿದ ತಪ್ಪೊಪ್ಪಿಗೆ ಬೇರೆ ಮಾತು. ಕರ್ನಾಟಕದಿಂದಲೇ ಹೋದ ತಿಪ್ಪಸ್ವಾಮಿ ಪ್ರಕರಣ (1983ರಲ್ಲಿ ವರದಿಯಾದದ್ದು) ಇದಕ್ಕೆ ಆಧಾರ. ಅಜಾಗರೂಕತೆಯಿಂದ ಸಾವಿಗೆ ಕಾರಣನಾದ ಆರೋಪ ಹೊತ್ತವನು ತಪ್ಪೊಪ್ಪಿಕೊಂಡ, ಮ್ಯಾಜಿಸ್ಟ್ರೇಟರು ದಂಡ ಹಾಕಿ ಬಿಟ್ಟರು. ಸರ್ಕಾರ ಅಪೀಲು ಹೋಯಿತು, ಹೈಕೋರ್ಟು ಜೈಲು ಶಿಕ್ಷೆ ಕೊಟ್ಟಿತು. ಭರವಸೆ ಕೊಟ್ಟು ಬಾಯಿ ಬಿಡಿಸಿ, ಆಮೇಲೆ ಶಿಕ್ಷೆ ಏರಿಸುವುದು ಸಂವಿಧಾನದ 21ನೆಯ ವಿಧಿಗೆ ವಿರುದ್ಧ ಎಂದ ಸುಪ್ರೀಂ ಕೋರ್ಟು ಶಿಕ್ಷೆಯನ್ನೂ ತಪ್ಪೊಪ್ಪಿಗೆಯನ್ನೂ ಬದಿಗಿಟ್ಟು, ಮತ್ತೆ ವಿಚಾರಣೆ ನಡೆಸಿ ಎಂದಿತು. ಶಿಕ್ಷೆ ಏರಿಸಬೇಕೆಂದಿದ್ದರೆ ಆರೋಪಿಗೆ ತಾನು ನಿರಪರಾಧಿ ಎಂದು ಹೋರಾಡುವ ಅವಕಾಶವನ್ನೂ ಹಿಂತಿರುಗಿಸಬೇಕು ಎನ್ನುವುದು ಅದರ ಸಾರ.

ಆಗ ಆಕ್ಷೇಪಿಸದಿದ್ದರೆ

ಕೈತಪ್ಪುವ ಮೂರನೆಯ ದಾರಿಯಲ್ಲಿ ಸದ್ದೇ ಆಗುವುದಿಲ್ಲ. ಸಾಕ್ಷಿ ಕಟಕಟೆಯಲ್ಲಿದ್ದಾನೆ. ಸರ್ಕಾರಿ ಅಭಿಯೋಜಕರು ಒಂದು ಕಾಗದ ಮುಂದಿಡುತ್ತಾರೆ, "ನಿಶಾನೆ ಪಿ-14 ಎಂದು ಗುರುತಿಸಲಾಯಿತು" ಎಂದು ಬೆರಳಚ್ಚಾಗುತ್ತದೆ. ಆರೋಪಿಯ ಕಡೆಯಿಂದ ಚಕಾರವಿಲ್ಲ. ಆ ಒಂದು ನಿಮಿಷದಲ್ಲಿ ಏನಾಯಿತು ಎನ್ನುವುದು ಕೆಲವೊಮ್ಮೆ ವರ್ಷಗಳ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಗೊತ್ತಾಗುತ್ತದೆ.

2017ರ ಹರಿಯಾಣದ ಪ್ರಕರಣವೊಂದರಲ್ಲಿ ಆದದ್ದು ಅದೇ. ಮೊಬೈಲ್ ಕರೆಗಳ ವಿವರವನ್ನು ವಿಚಾರಣಾ ನ್ಯಾಯಾಲಯದಲ್ಲಿ ಪ್ರಮಾಣಪತ್ರವಿಲ್ಲದೆಯೇ ನಿಶಾನೆ ಮಾಡಿದ್ದರು. ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕೇಬೇಕು ಎಂದು ಆರೋಪಿಗಳು ಮೊದಲ ಬಾರಿಗೆ ಹೇಳಿದ್ದು ಸುಪ್ರೀಂ ಕೋರ್ಟಿನಲ್ಲಿ. ಕೋರ್ಟು ಒಪ್ಪಲಿಲ್ಲ. ಅದರ ತರ್ಕ ಸರಳ: ಅಂದೇ ಆಕ್ಷೇಪಿಸಿದ್ದರೆ ಅಭಿಯೋಜಕರು ಪ್ರಮಾಣಪತ್ರ ತಂದು ದೋಷ ಸರಿಪಡಿಸುತ್ತಿದ್ದರು. ಸರಿಪಡಿಸಬಹುದಾಗಿದ್ದ ದೋಷವನ್ನು ಬಚ್ಚಿಟ್ಟುಕೊಂಡು ಕೊನೆಗೆ ಹೊರತೆಗೆಯುವಂತಿಲ್ಲ. ಆದರೆ ಅದೇ ತೀರ್ಪು ಇನ್ನೊಂದು ಗೆರೆಯನ್ನೂ ಎಳೆದಿದೆ. ಸಾಬೀತು ಮಾಡುವ ವಿಧಾನದಲ್ಲಿನ ದೋಷಕ್ಕೆ ಆಗಲೇ ಆಕ್ಷೇಪಿಸಬೇಕು. ಹುಟ್ಟಿನಿಂದಲೇ ಸಾಕ್ಷ್ಯವಾಗಲು ಅರ್ಹವಲ್ಲದ ವಸ್ತು, ಉದಾಹರಣೆಗೆ ಪೊಲೀಸರು ತನಿಖೆಯಲ್ಲಿ ಬರೆದುಕೊಂಡ ಸಾಕ್ಷಿ ಹೇಳಿಕೆ, ಯಾರೂ ಆಕ್ಷೇಪಿಸದೆ ನಿಶಾನೆಯಾಗಿದ್ದರೂ ಸಾಕ್ಷ್ಯವಾಗುವುದಿಲ್ಲ. ಅದನ್ನು ಅಪೀಲಿನಲ್ಲೂ ಎತ್ತಬಹುದು.

ವಕೀಲರಲ್ಲದವರು ಇಲ್ಲಿ ಮಾಡಬಹುದಾದ್ದು ಏನು? ಪ್ರತಿ ವಾಯಿದೆಯ ಸಂಜೆ ಇವತ್ತು ಯಾವ ದಾಖಲೆ ನಿಶಾನೆಯಾಯಿತು, ನಾವು ಆಕ್ಷೇಪ ಹೇಳಿದೆವೇ, ಹೇಳಿದ್ದು ಆರ್ಡರ್ ಶೀಟಿನಲ್ಲಿ ಅಥವಾ ಹೇಳಿಕೆಯಲ್ಲಿ ದಾಖಲಾಯಿತೇ ಎಂದು ಕೇಳುವುದು. ಬಾಯಲ್ಲಿ ಹೇಳಿ ಕಾಗದದಲ್ಲಿ ಇಲ್ಲದ ಆಕ್ಷೇಪ, ಅಪೀಲಿನ ಮಟ್ಟಿಗೆ ಹೇಳದೆಯೇ ಇದ್ದದ್ದು. ಕೆಲವು ವಕೀಲರಿಗೆ ಈ ಪ್ರಶ್ನೆ ಹಿಡಿಸದು. ಕೇಳಿ, ಕೇಳುವುದು ನಿಮ್ಮ ಹಕ್ಕು.

ಪಾಟೀ ಸವಾಲಿನದೂ ಇದೇ ಕಥೆ. ವಕೀಲರು ಬರಲಿಲ್ಲ, "ಪಾಟೀ ಸವಾಲು ಇಲ್ಲ" ಎಂದು ಬರೆದು ಸಾಕ್ಷಿಯನ್ನು ಕಳುಹಿಸಿದರು. ಅಥವಾ ಪಾಟೀ ಸವಾಲು ನಡೆಯಿತು, ಆದರೆ ಮುಖ್ಯ ಅಂಶದ ಮೇಲೆ ಒಂದು ಪ್ರಶ್ನೆಯೂ ಬೀಳಲಿಲ್ಲ. ಸಾಕ್ಷಿ ಹೇಳಿದ್ದನ್ನು ಪ್ರಶ್ನಿಸದೆ ಬಿಟ್ಟರೆ ಅದನ್ನು ಒಪ್ಪಿಕೊಂಡಂತೆ ಎಂದು ಮೇಲಿನ ಕೋರ್ಟು ತೀರ್ಮಾನಕ್ಕೆ ಬರಬಹುದು. ಇದಕ್ಕೆ ಮದ್ದು ತೀರ್ಪಿಗೆ ಮೊದಲೇ ಇದೆ: 348ನೆಯ ಕಲಮಿನಡಿ ಸಾಕ್ಷಿಯನ್ನು ಮತ್ತೆ ಕರೆಸಲು ಅರ್ಜಿ ಹಾಕಿ. ಅರ್ಜಿ ವಜಾ ಆದರೂ ನಷ್ಟವಿಲ್ಲ, ವಜಾ ಮಾಡಿದ ಆದೇಶವೇ ಅಪೀಲಿನಲ್ಲಿ ನಿಮ್ಮ ಒಂದು ಅಂಶವಾಗುತ್ತದೆ.

ಇದೇ ಜಾತಿಯ ಇನ್ನೊಂದು ಹಕ್ಕು ಅಪೀಲಿಗಿಂತ ಬಹಳ ಮುಂಚೆ ಬರುತ್ತದೆ. ಬಂಧನದಲ್ಲಿದ್ದವರ ಮೇಲೆ 60 ಅಥವಾ 90 ದಿನದೊಳಗೆ ದೋಷಾರೋಪ ಪಟ್ಟಿ ಬರದಿದ್ದರೆ ಜಾಮೀನು ಹಕ್ಕಾಗಿಯೇ ಸಿಗುತ್ತದೆ (187ನೆಯ ಕಲಂ). ಆದರೆ ಕೇಳಬೇಕು. ಕೇಳುವ ಮೊದಲೇ ಪಟ್ಟಿ ಸಲ್ಲಿಕೆಯಾದರೆ ಆ ಹಕ್ಕು ಮುಗಿಯಿತು, 1994ರಲ್ಲಿ ಸಂಜಯ್ ದತ್ ಪ್ರಕರಣದ ಸಂವಿಧಾನ ಪೀಠ ಹೇಳಿದ್ದು ಅದನ್ನೇ. ಬಾಯಿಮಾತಿನಲ್ಲಿ ಕೇಳಿದರೂ ಸಾಕು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಸಡಿಲಿಸಿದೆ. 61ನೆಯ ಅಥವಾ 91ನೆಯ ದಿನ ಬೆಳಿಗ್ಗೆ ವಕೀಲರು ಕೋರ್ಟಿನಲ್ಲಿರಬೇಕು.

ವಿಚಾರಣೆಯ ದೋಷಗಳಿಗೆ ಎತ್ತುವ ಆಕ್ಷೇಪಗಳ ವಿಷಯದಲ್ಲಿ ಒಟ್ಟಾರೆ ಆಧಾರ ಸಂಹಿತೆಯ 511ನೆಯ ಕಲಂ. ವಿಚಾರಣೆಯಲ್ಲಿ ತಪ್ಪು, ಲೋಪ, ಅಕ್ರಮ ನಡೆದ ಮಾತ್ರಕ್ಕೆ ತೀರ್ಪು ಬೀಳುವುದಿಲ್ಲ, ಅದರಿಂದ ನ್ಯಾಯಕ್ಕೆ ಸೋಲಾಗಿರಬೇಕು. ಸೋಲಾಯಿತೇ ಎಂದು ನೋಡುವಾಗ, ಆಕ್ಷೇಪವನ್ನು ಮೊದಲೇ ಎತ್ತಬಹುದಿತ್ತೇ, ಎತ್ತಬೇಕಿತ್ತೇ ಎನ್ನುವುದನ್ನು ಗಮನಿಸಬೇಕು. ಅಂದರೆ ಮೊದಲೇ ಎತ್ತದಿದ್ದರೆ ಬಾಗಿಲು ತಾನಾಗಿ ಮುಚ್ಚುವುದಿಲ್ಲ, ಅರ್ಧ ಮುಚ್ಚುತ್ತದೆ. ಅಮೆರಿಕದ ನಿಯಮಕ್ಕೂ ನಮ್ಮದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದು.

ನ್ಯಾಯಕ್ಕೆ ಸೋಲಾಗುವುದೆಂದರೇನು ಎನ್ನುವುದಕ್ಕೆ ಕರ್ನಾಟಕದ್ದೇ ಒಂದು ಪ್ರಕರಣ ಚೆನ್ನಾಗಿದೆ. ಹೆಂಡತಿಯನ್ನು ಕೊಂದ ಆರೋಪ ಗಂಡನ ಮೇಲೆ. ವಿಚಾರಣಾ ನ್ಯಾಯಾಲಯ ಬಿಡುಗಡೆ ಮಾಡಿತು. ಹೈಕೋರ್ಟು ಕೊಲೆ ಸಾಬೀತಾಗಿಲ್ಲ, ಆದರೆ ಇದು ವರದಕ್ಷಿಣೆ ಸಾವು ಎಂದು ಶಿಕ್ಷೆ ಕೊಟ್ಟಿತು. ವರದಕ್ಷಿಣೆ ಸಾವಿನ ದೋಷಾರೋಪವೇ ಇರಲಿಲ್ಲ. ಆ ಅಪರಾಧದಲ್ಲಿ ಕೆಲವು ಸಂಗತಿ ಸಾಬೀತಾದರೆ ಗಂಡನೇ ಕಾರಣ ಎಂದು ಕಾನೂನು ಊಹಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. ಆರೋಪವೇ ಗೊತ್ತಿಲ್ಲದವನು ಅದನ್ನು ಅಲ್ಲಗಳೆಯುವುದು ಹೇಗೆ? 2001ರಲ್ಲಿ ಸುಪ್ರೀಂ ಕೋರ್ಟು ಇದನ್ನು ನ್ಯಾಯದ ಸೋಲು ಎಂದು ಗುರುತಿಸಿ ಪ್ರಕರಣವನ್ನು ಕೆಳಗೆ ಕಳುಹಿಸಿತು. ದೋಷಾರೋಪದಲ್ಲಿ ಒಂದು ಕಲಮಿನ ಸಂಖ್ಯೆ ತಪ್ಪಾಗಿದೆ ಎಂದು ಅಪೀಲಿನಲ್ಲಿ ಎಗರಾಡುವ ಮೊದಲು ಇದನ್ನು ಯೋಚಿಸಬೇಕು: ಆ ತಪ್ಪಿನಿಂದ ನೀವು ಹೇಳಬೇಕಾದ ಯಾವ ಮಾತು ಹೇಳದೆ ಉಳಿಯಿತು? ಉತ್ತರವಿಲ್ಲದಿದ್ದರೆ ಆ ಅಂಶ ಬಿಟ್ಟುಬಿಡುವುದು ವಾಸಿ.

ಆರೋಪಿಯ ಹೇಳಿಕೆಯ ಹಂತದಲ್ಲಿ ಒಂದು ಮುಖ್ಯ ಸಾಕ್ಷ್ಯವನ್ನು ನ್ಯಾಯಾಧೀಶರು ಆರೋಪಿಯ ಮುಂದಿಡದೆ ಬಿಟ್ಟರೆ, ಅದನ್ನೂ ಸಾಧ್ಯವಾದಷ್ಟು ಬೇಗ ಎತ್ತಬೇಕು. ದೆಹಲಿಯ ಪ್ರಕರಣವೊಂದರಲ್ಲಿ ಘಟನೆ ನಡೆದು 27 ವರ್ಷ ಕಳೆದ ಮೇಲೆ ಈ ಕಾರಣಕ್ಕೆ ಆರೋಪಿ ಬಿಡುಗಡೆಯಾದ. ತಡವಾಗಿ ಎತ್ತಿದ್ದು ನೋಡಬೇಕಾದ ಹಲವು ಅಂಶಗಳಲ್ಲಿ ಒಂದು ಮಾತ್ರ ಎಂದು ಆಗ, 2023ರಲ್ಲಿ, ಸುಪ್ರೀಂ ಕೋರ್ಟು ಹೇಳಿತು.

ಸುಮ್ಮನಿದ್ದರೂ ಹೋಗದವು

ಹಕ್ಕಿದೆ ಎಂದೇ ಗೊತ್ತಿಲ್ಲದವನು ಅದನ್ನು ಬಿಟ್ಟುಕೊಟ್ಟ ಎನ್ನುವುದು ಹೇಗೆ? ಇದಕ್ಕೆ ಗಟ್ಟಿಯಾದ ಉತ್ತರ 1986ರ ಸುಕ್ ದಾಸ್ ಪ್ರಕರಣದಲ್ಲಿದೆ. ಅರುಣಾಚಲದಲ್ಲಿ ವರ್ಗಾವಣೆ ರದ್ದು ಮಾಡಿಸಲು ಎಂಜಿನಿಯರೊಬ್ಬರನ್ನು ಬೆದರಿಸಿದ ಆರೋಪ. ಆರೋಪಿಗೆ ವಕೀಲರಿಲ್ಲ, ಇಟ್ಟುಕೊಳ್ಳುವ ಶಕ್ತಿಯೂ ಇಲ್ಲ. ಸಾಕ್ಷಿಗಳು ಬಂದು ಹೇಳಿ ಹೋದರು, ಎರಡು ವರ್ಷ ಶಿಕ್ಷೆಯಾಯಿತು. ಆತ ಕಾನೂನು ನೆರವು ಕೇಳಲಿಲ್ಲವಲ್ಲ, ಆದ್ದರಿಂದ ವಿಚಾರಣೆಯಲ್ಲಿ ದೋಷವಿಲ್ಲ ಎಂದಿತು ಗುವಾಹಟಿ ಹೈಕೋರ್ಟು. ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ ಶಿಕ್ಷೆಯನ್ನು ರದ್ದು ಮಾಡಿತು. ಬಡವನಿಗೂ ಓದು ಬರದವನಿಗೂ ನೆರವಿನ ಹಕ್ಕಿದೆ ಎಂದು ತಿಳಿಸುವುದು ನ್ಯಾಯಾಧೀಶರ ಕರ್ತವ್ಯ, ಕೇಳಲಿಲ್ಲ ಎನ್ನುವ ನೆಪಕ್ಕೆ ಹಕ್ಕು ಹೋಗದು.

2012ರಲ್ಲಿ ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಇದನ್ನು ಅಪೀಲಿನ ಹಂತಕ್ಕೂ ವಿಸ್ತರಿಸಲಾಯಿತು: ವಕೀಲರಿಲ್ಲದೆ ಅಪೀಲುದಾರ ಬಂದರೆ, ಕಾನೂನು ನೆರವು ಬೇಕೇ ಎಂದು ಹೈಕೋರ್ಟು ಕೇಳಲೇಬೇಕು. 2019ರ ಇನ್ನೊಂದು ಪ್ರಕರಣದಲ್ಲಿ ವಕೀಲರನ್ನು ನೇಮಿಸಿದ ದಿನವೇ ವಿಚಾರಣೆ ಆರಂಭಿಸಿದ್ದು ಸುಪ್ರೀಂ ಕೋರ್ಟಿಗೆ ಒಪ್ಪಿಗೆಯಾಗಲಿಲ್ಲ. ಮರಣದಂಡನೆ ರದ್ದಾಗಿ ಮರುವಿಚಾರಣೆಗೆ ಹೋಯಿತು. ಹೆಸರಿಗೊಬ್ಬ ವಕೀಲರಿದ್ದರೆ ಸಾಲದು ಎಂದಾಯಿತು.

ವಯಸ್ಸಿನ ವಾದಕ್ಕಂತೂ ಗಡುವೇ ಇಲ್ಲ. ಅಪರಾಧ ನಡೆದಾಗ ತಾನು 18 ತುಂಬದ ಬಾಲಕನಾಗಿದ್ದೆ ಎನ್ನುವುದನ್ನು ಯಾವ ಕೋರ್ಟಿನಲ್ಲಿ, ಯಾವ ಹಂತದಲ್ಲಿ ಬೇಕಾದರೂ, ಪ್ರಕರಣ ಮುಗಿದ ಮೇಲೂ ಎತ್ತಬಹುದು ಎಂದು ಬಾಲ ನ್ಯಾಯ ಕಾಯ್ದೆಯ 9ನೆಯ ಕಲಂ ಹೇಳುತ್ತದೆ. 1994ರ ಪುಣೆಯ ಕೊಲೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಎತ್ತಿಹಿಡಿದಿದ್ದ ಮರಣದಂಡನೆಯ ಕೈದಿಯೊಬ್ಬ 28 ವರ್ಷ ಜೈಲಿನಲ್ಲಿದ್ದು, ಘಟನೆ ನಡೆದಾಗ 12 ವರ್ಷ 6 ತಿಂಗಳಿನವನಾಗಿದ್ದ ಎಂದು ಸಾಬೀತಾಗಿ 2023ರ ಮಾರ್ಚ್‌ನಲ್ಲಿ ಬಿಡುಗಡೆಯಾದ. ಶಾಲೆಯ ದಾಖಲಾತಿ ಪುಸ್ತಕದ ಒಂದು ನಮೂದು ಅಷ್ಟು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮನೆಯಲ್ಲಿ ಯಾರದಾದರೂ ಇಂಥ ಪ್ರಕರಣವಿದ್ದರೆ ಮೊದಲು ಹುಡುಕಬೇಕಾದ್ದು ಶಾಲೆಯ ದಾಖಲೆ ಮತ್ತು ಜನನ ಪ್ರಮಾಣಪತ್ರ.

ಅಧಿಕಾರವೇ ಇಲ್ಲದ ಕೋರ್ಟಿಗೆ ಕಕ್ಷಿದಾರರ ಒಪ್ಪಿಗೆಯಿಂದ ಅಧಿಕಾರ ಬರುವುದಿಲ್ಲ. ಭ್ರಷ್ಟಾಚಾರ ಪ್ರಕರಣಗಳಲ್ಲಿ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿಯ ಪ್ರಶ್ನೆಯೂ ಇದರ ಹತ್ತಿರದ್ದು. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಯೊಂದರ ಬಿಲ್ ಕಲೆಕ್ಟರ್, ನಿರ್ಣಯದ ನಕಲು ಕೊಡಲು 500 ರೂಪಾಯಿ ಲಂಚ ತೆಗೆದುಕೊಂಡ ಆರೋಪ. ಅನುಮತಿ ಕೊಟ್ಟವರಿಗೆ ಆ ಅಧಿಕಾರವೇ ಇರಲಿಲ್ಲ. 2015ರಲ್ಲಿ ಸುಪ್ರೀಂ ಕೋರ್ಟು ಹೈಕೋರ್ಟಿನ ಶಿಕ್ಷೆಯನ್ನು ರದ್ದು ಮಾಡಿ, ಇಂಥ ಪ್ರಶ್ನೆಯನ್ನು ಅಪೀಲೂ ಸೇರಿ ಯಾವ ಹಂತದಲ್ಲಾದರೂ ಎತ್ತಬಹುದು ಎಂದಿತು.

ಇನ್ನು ಚೆಕ್ ಬೌನ್ಸ್ ಪ್ರಕರಣಗಳು. ಮಧ್ಯಂತರ ಪರಿಹಾರ ಕಟ್ಟಲಿಲ್ಲವೆಂದು ಆರೋಪಿಯ ಪಾಟೀ ಸವಾಲಿನ ಹಕ್ಕನ್ನೇ ಕಸಿದ ಕರ್ನಾಟಕದ ಪ್ರಕರಣವೊಂದು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹಣ ವಸೂಲಿಗೆ ಕಾನೂನಿನಲ್ಲಿ ದಾರಿಯಿದೆ, ಪಾಟೀ ಸವಾಲು ಕಸಿಯುವ ದಾರಿ ಇಲ್ಲ ಎಂದು 2022ರಲ್ಲಿ ಅದು ಸ್ಪಷ್ಟಪಡಿಸಿತು.

ಅಪೀಲು ಹಾಕಿದ ಮೇಲೆ

ಅಪೀಲು ಹಾಕಿದ ಮಾತ್ರಕ್ಕೆ ಶಿಕ್ಷೆ ನಿಲ್ಲುವುದಿಲ್ಲ. ಶಿಕ್ಷೆ ಅಮಾನತು ಮಾಡಿ ಜಾಮೀನು ಕೊಡಿ ಎಂದು 430ನೆಯ ಕಲಮಿನಡಿ ಬೇರೆಯೇ ಅರ್ಜಿ ಬೇಕು. ಜಾಮೀನಿನಲ್ಲಿದ್ದವರಿಗೆ ಮೂರು ವರ್ಷ ಮೀರದ ಶಿಕ್ಷೆಯಾದರೆ, ಅಪೀಲಿಗೆ ಬೇಕಾದಷ್ಟು ಕಾಲ ಶಿಕ್ಷೆ ಕೊಟ್ಟ ಕೋರ್ಟೇ ಜಾಮೀನು ಕೊಡಬೇಕು, ನಿರಾಕರಿಸಲು ವಿಶೇಷ ಕಾರಣ ಬೇಕು. ಇದನ್ನು ತೀರ್ಪಿನ ದಿನವೇ, ಅಲ್ಲೇ ನಿಂತು ಕೇಳಬೇಕು. ಅರ್ಜಿಯ ಕರಡು ಸಿದ್ಧವಿಟ್ಟುಕೊಂಡು ಹೋಗುವುದು ಅಪಶಕುನವಲ್ಲ. ಚೆಕ್ ಬೌನ್ಸ್ ಅಪೀಲಿನಲ್ಲಿ ದಂಡ ಅಥವಾ ಪರಿಹಾರದ ಕನಿಷ್ಠ 20 ಪ್ರತಿಶತ ಠೇವಣಿ ಇಡಲು ಕೋರ್ಟು ಆದೇಶಿಸಬಹುದು. ಸಾಮಾನ್ಯವಾಗಿ ಆದೇಶಿಸುತ್ತದೆ, ವಿನಾಯಿತಿಗೆ ಕಾರಣ ತೋರಿಸಬೇಕು.

ವಕೀಲರು ಬರಲಿಲ್ಲವೆಂದು ಕ್ರಿಮಿನಲ್ ಅಪೀಲನ್ನು ವಜಾ ಮಾಡುವಂತಿಲ್ಲ, ದಾಖಲೆ ನೋಡಿ ಅರ್ಹತೆಯ ಮೇಲೆ ತೀರ್ಮಾನಿಸಬೇಕು ಎನ್ನುವುದು 1996ರ ಬಾನಿ ಸಿಂಗ್ ತೀರ್ಪು. ಇದು ಅರ್ಧ ಸಮಾಧಾನ ಮಾತ್ರ. ವಕೀಲರು ಗೈರಾದಾಗ ಮುಂದೂಡಲೇಬೇಕೆಂದಿಲ್ಲ, ಅವರಿಲ್ಲದೆಯೂ ಅರ್ಹತೆಯ ಮೇಲೆ ತೀರ್ಪು ಕೊಡಬಹುದು ಎಂದು ಕರ್ನಾಟಕದ ಪ್ರಕರಣದಲ್ಲೇ 2013ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಅಪೀಲು ವರ್ಷಗಟ್ಟಲೆ ಪಟ್ಟಿಗೆ ಬಾರದೆ ಮಲಗಿದ್ದು, ಒಂದು ದಿನ ದಿಢೀರನೆ ಬರುತ್ತದೆ. ಇ-ಕೋರ್ಟ್ಸ್ ಆ್ಯಪಿನಲ್ಲಿ ಪ್ರಕರಣ ಸಂಖ್ಯೆ ಹಾಕಿ ವಾರಕ್ಕೊಮ್ಮೆ ನೋಡುತ್ತಿರಿ. ಫೋನ್ ನಂಬರು, ವಿಳಾಸ ಬದಲಾದರೆ ವಕೀಲರಿಗೆ ತಿಳಿಸಿ.

ಅಪೀಲು ಬಾಕಿಯಿರುವಾಗ ಅಪೀಲುದಾರ ತೀರಿಕೊಂಡರೆ ಸಾಮಾನ್ಯವಾಗಿ ಅಪೀಲೂ ಅಲ್ಲಿಗೇ ನಿಲ್ಲುತ್ತದೆ. ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳು ಮೊಮ್ಮಕ್ಕಳು, ಅಣ್ಣ ತಮ್ಮ, ಅಕ್ಕ ತಂಗಿ ಇವರಲ್ಲಿ ಯಾರಾದರೂ 30 ದಿನದೊಳಗೆ ಅರ್ಜಿ ಹಾಕಿದರೆ ಅದನ್ನು ಮುಂದುವರಿಸಬಹುದು (435ನೆಯ ಕಲಂ). ತಿಥಿಯ ದಿನಗಳಲ್ಲಿ ಯಾರಿಗೂ ಕೋರ್ಟಿನ ನೆನಪಿರುವುದಿಲ್ಲ. ಆದರೆ ಸತ್ತವರ ಹೆಸರಿಗೆ ಅಂಟಿದ ಕಳಂಕವೂ, ಕುಟುಂಬಕ್ಕೆ ಸೇರಬೇಕಾದ ಸೇವಾ ಸೌಲಭ್ಯಗಳೂ ಆ ಅರ್ಜಿಯ ಮೇಲೆ ನಿಂತಿರಬಹುದು.

ಜೈಲಿನಲ್ಲಿರುವವರು ಅಪೀಲು ಅರ್ಜಿಯನ್ನು ಜೈಲು ಅಧಿಕಾರಿಯ ಕೈಗೇ ಕೊಡಬಹುದು, ಅವರು ಅದನ್ನು ಸಂಬಂಧಪಟ್ಟ ಕೋರ್ಟಿಗೆ ಕಳುಹಿಸಬೇಕು (424ನೆಯ ಕಲಂ). ಕೊಟ್ಟ ದಿನದ ಸ್ವೀಕೃತಿ ಪಡೆಯಿರಿ. ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಅಂಗವಿಕಲರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿಗೆ ಅರ್ಹರು. ಉಳಿದವರಿಗೆ ಆದಾಯದ ಮಿತಿ ಇದೆ. ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ಇದೆ, ಹೈಕೋರ್ಟಿನ ಅಪೀಲಿಗೆ ಹೈಕೋರ್ಟ್ ಕಾನೂನು ಸೇವೆಗಳ ಸಮಿತಿ ಇದೆ. ಸಹಾಯವಾಣಿ ಸಂಖ್ಯೆ 15100. ತೀರ್ಪು ಬಂದ ವಾರದಲ್ಲೇ ಕರೆ ಮಾಡಿ, ಐವತ್ತೊಂಬತ್ತನೆಯ ದಿನಕ್ಕೆ ಕಾಯಬೇಡಿ.